ಗುರುವಾರದ ಗೇಟು

ಫೆಬ್ರವರಿ ೬, ಗುರುವಾರ

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ ಅಕ್ಕನ ಆಶೀರ್ವಾದ.

ಇಂದು ಗುರುವಾರ, ಉಪವಾಸ. ಐದಕ್ಕೆ ಎದ್ದು ಮನೆ ಗುಡಿಸಿ ಒರೆಸಿ, ತಲೆಗೆ ಸ್ನಾನ ಮಾಡಿ, ದೀಪ ಹಚ್ಚಿ, ದೇವರ ಮುಂದೆ ಒಂದು ಗಂಟೆ ಕೂತು ಎದ್ದೆ. ಆಮೇಲೆ ಕೆರೆಯಿಂದ ತಂದು ನೆನೆಹಾಕಿದ್ದ ಏಳು ಲೈಫ್ ಜಾಕೆಟ್ಟುಗಳನ್ನು ಜಾಲಾಡಿ ನೆರಳಿಗೆ ನೇತುಹಾಕಿದೆ. ಅವನ್ನು ಹಿಂಡಬಾರದು, ಹಿಂಡಿದರೆ ಒಳಗಿನ ಸ್ಪಂಜು ಮುರಿದು ಜಾಕೆಟ್ಟೇ ಮುಳುಗುತ್ತದೆ. ಈಗ ಎಂಟೂವರೆ. ಕೆಲಸಕ್ಕೆ ಹೋಗುವುದು ಹನ್ನೆರಡಕ್ಕೆ. ಅಲ್ಲಿಯತನಕ ನಿನಗೆ ಕಾಗದ.

ಫೋನ್ ಮಾಡು ಅಂತೀಯ. ಮಾಡಿದರೆ "ಸ್ಟೀರಿಂಗ್ ಹಿಡಿದಿದೀನಿ ಅಕ್ಕಾ, ಆಮೇಲೆ" ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಕೆರೆಗೆ ಈಗ ಜನವೋ ಜನ. ಬೋಟು ಹತ್ತುವವರಿಗೆಲ್ಲ ಜಾಕೆಟ್ ಕಟ್ಟಿ ಕಟ್ಟಿ ಬೆರಳು ಮರಗಟ್ಟಿವೆ. ಮೊನ್ನೆ ಒಬ್ಬ ಗಂಡಸು ಹೆಂಡತಿ ಎದುರಿಗೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. "ಉಸಿರು ಬಿಡಿ ಸ್ವಾಮೀ, ನೀರಿಗೆ ಬಿದ್ದರೆ ಹೊಟ್ಟೆಯೂ ತೇಲಬೇಕಲ್ಲ" ಅಂದೆ. ಅವನ ಹೆಂಡತಿ ನಕ್ಕಿದ್ದು ಆಚೆ ದಡಕ್ಕೆ ಕೇಳಿಸಿರಬೇಕು.

ಗುರುವಾರ ನಾನು ತಡವಾಗಿ ಹೋಗುವುದರಿಂದ ನಮ್ಮ ಸೀಟಿಯಣ್ಣನಿಗೆ ಪಜೀತಿ. ಅವನು ಅಲ್ಲಿನ ವಾಚ್‌ಮನ್ನು. ಹೊತ್ತು ಮುಗಿದ ಬೋಟನ್ನು ಸೀಟಿ ಊದಿ ಕರೆಯುವವನು ಅವನೇ, ಅದಕ್ಕೆ ಆ ಹೆಸರು. ಬೇರೆ ದಿನ ಆರು ಗಂಟೆಗೇ ನಾನು ಜಾಕೆಟ್ ರೂಮಿನಲ್ಲಿರುತ್ತೇನೆ, ಕಿಟಕಿಯಿಂದ ಹಿಂದಿನ ಗೇಟು ನೇರ ಕಾಣುತ್ತದೆ. ಗುರುವಾರ ಕಟ್ಟೆ ಗುಡಿಸುವುದು, ಮುಂದಿನ ಗೇಟು, ಟಿಕೆಟ್ ಕಿಟಕಿ, ಎಲ್ಲಾ ಅವನ ತಲೆಗೇ. ಬೋಟು ರಿಪೇರಿಯವನು ಒಂಬತ್ತಕ್ಕೆ ಬರುತ್ತಾನೆಂದು ಹಿಂದಿನ ಗೇಟಿನ ಬೀಗವನ್ನು ಆರಕ್ಕೇ ತೆಗೆದು, ಸರಪಳಿಯನ್ನು ಸುಮ್ಮನೆ ಸುತ್ತಿ ಮುಂದಕ್ಕೆ ಓಡಿಬಿಡುತ್ತಾನೆ. "ಜಾಕೆಟಕ್ಕಾ, ಗುರುವಾರ ಹಿಂದಿನ ಗೇಟು ಕಾಯೋದು ನಿನ್ನ ದೇವರೇ. ನನ್ನ ಕೈಲಾಗಲ್ಲ" ಅಂತಾನೆ.

ನಿನ್ನ ಹೊಸ ಓನರ್ ಹೇಗೆ? ಲಾರಿಯಲ್ಲಿ ಮಣ್ಣು ಹೊಡೆಯುವ ಕೆಲಸ ಅಂದೆಯಲ್ಲ, ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೋ. ಎರಡು ಗಂಟೆ ದಾರಿಯಲ್ಲಿದ್ದೂ ಎರಡು ವರ್ಷದಿಂದ ಅಕ್ಕನ ಬಾಗಿಲು ತುಳಿದಿಲ್ಲ ನೀನು. ನಾಚಿಕೆಯಾಗಬೇಕು. ಏಪ್ರಿಲ್ ರಜೆಗೆ ಮಗಳು ಪುಟ್ಟಿಯನ್ನಾದರೂ ಕಳಿಸು. ಒಂಬತ್ತನೇ ನಂಬರಿನ ಜಾಕೆಟ್ಟನ್ನು ಅವಳಿಗೆಂದೇ ಒಗೆದಿಟ್ಟಿದ್ದೇನೆ, ಬೇರೆ ಮಗುವಿಗೆ ಕೊಡುತ್ತಿಲ್ಲ.

ನಿನ್ನ ಅಕ್ಕ


ಫೆಬ್ರವರಿ ೨೨

ಅಕ್ಕನಿಗೆ ನಮಸ್ಕಾರ.

ಕಾಗದ ಸಿಕ್ತು. ನೀನು ವಾರ ವಾರ ಹೀಗೆ ಹೊಟ್ಟೆ ಕಾಯಿಸಿ ಕೂತರೆ ದೇವರಿಗೇ ಬೇಜಾರಾಗಿ "ತಾಯೀ, ಒಂದು ತುತ್ತು ತಿನ್ನು" ಅಂತ ಎದ್ದು ಬರಬೇಕು. ಈಗಲೂ ಪ್ರತಿ ಗುರುವಾರ ಹನ್ನೆರಡರ ತನಕ ಮನೆಯಲ್ಲೇ ಇರ್ತೀಯಾ? ಒಂದು ವಾರವೂ ತಪ್ಪಿಸಲ್ವಾ? ಆರೋಗ್ಯ ನೋಡ್ಕೋ ಅಂತ ಕೇಳಿದೆ ಅಷ್ಟೇ.

ಕೆಲಸ ಪರವಾಗಿಲ್ಲ. ಒಡೆದ ಮನೆಗಳ ಮಣ್ಣು, ಇಟ್ಟಿಗೆ, ಹೀಗೆ. ಓನರ್ ಬಾಯಿ ಜೋರು, ಆದರೆ ಲಾರಿ ನನ್ನ ಕೈಗೇ ಬಿಟ್ಟಿದಾನೆ.

ಆ ಕೆರೆ ಹಿಂದಿನ ದಾರಿ ನೆನಪಿದೆಯಾ? ಒಂದ್ಸಲ ಬಂದಾಗ ಕೆಸರಲ್ಲಿ ನನ್ನ ಚಪ್ಪಲಿ ಹೂತುಹೋಗಿ ನೀನು ನಕ್ಕೂ ನಕ್ಕೂ ಕೂತುಬಿಟ್ಟಿದ್ದೆ. ಮಳೆ ಬಿದ್ದರೆ ಈಗಲೂ ಹಾಗೇ ಹೂತುಹೋಗುತ್ತಾ, ಜಲ್ಲಿ ಹಾಕಲ್ವಾ?

ಪುಟ್ಟಿ ಅಂಗಡಿ ಬೋರ್ಡುಗಳನ್ನೆಲ್ಲ ಅಕ್ಷರ ಕೂಡಿಸಿ ಓದ್ತಾಳೆ. ನಿನ್ನ ಕಾಗದವನ್ನೂ ನಾನೇ ಓದ್ತೀನಿ ಅಂತ ಕಿತ್ಕೊಂಡಳು. "ಅತ್ತೆ ನನಗೆ ಒಂಬತ್ತನೇ ನಂಬರ್ ಇಟ್ಟಿದಾಳೆ" ಅಂತ ಕೇರಿಗೆಲ್ಲ ಸಾರಿದಾಳೆ. ಆದರೆ ಅಕ್ಕಾ, ಈ ರಜೆಗೆ ಅವಳನ್ನು ಕಳಿಸಲ್ಲ. ಆ ನೀರು ಮಕ್ಕಳಿಗೆ ಒಳ್ಳೇದಲ್ಲ. ಮುಂದೆ ನೋಡೋಣ.

ನಿನ್ನ ತಮ್ಮ


ಮಾರ್ಚ್ ೭, ಶುಕ್ರವಾರ

ತಮ್ಮನಿಗೆ,

ನಿನ್ನೆಯ ಉಪವಾಸ ಇನ್ನೂ ಬಿಟ್ಟಿಲ್ಲ. ಬಿಡಲು ಮನಸ್ಸಿಲ್ಲ. ಮನೆ ಗುಡಿಸಿಲ್ಲ. ಬೆಳಿಗ್ಗೆಯಿಂದ ಮಾಡಿದ್ದು ಒಂದೇ ಕೆಲಸ, ಬೈಯುವುದು.

ಯಾರೋ ಹಾಳಾದವನು ನಮ್ಮ ಕೆರೆಗೆ ಲಾರಿಗಟ್ಟಲೆ ಕಸ ತಂದು ಸುರಿಯುತ್ತಿದ್ದಾನೆ. ಹಿಂದಿನ ಗೇಟಿನ ಒಳಗೆ, ಜೊಂಡಿನ ಆಚೆ, ಆ ತಗ್ಗಿನಲ್ಲಿ. ಎರಡು ವಾರದಿಂದ ವಾಸನೆ ಬರುತ್ತಿತ್ತು. ಸತ್ತ ನಾಯಿ ಇರಬೇಕು ಅಂದುಕೊಂಡಿದ್ದೆವು. ನಿನ್ನೆ ಜೊಂಡು ಸರಿಸಿ ನೋಡಿದರೆ ನನ್ನ ಎತ್ತರಕ್ಕೆ ರಾಶಿ! ಒಡೆದ ಕಮೋಡು, ಬಟ್ಟೆ ಹರಿದ ಹಾಸಿಗೆ, ಪೇಂಟಿನ ಡಬ್ಬ, ಹೋಟೆಲಿನ ಹಳಸಲು ಕಟ್ಟಿದ ಮೂಟೆ, ಮಕ್ಕಳ ಡೈಪರು, ಟ್ಯೂಬ್‌ಲೈಟಿನ ಚೂರು. ರಸ ಹರಿದು ನೀರಿಗೆ ಸೇರಿ, ನೀರಿನ ಮೇಲೆ ಎಣ್ಣೆಯ ಬಣ್ಣ.

ನೋಡಿದ್ದು ಯಾಕೆ ಗೊತ್ತಾ? ನಿನ್ನೆ ಮಧ್ಯಾಹ್ನ ಏಳು ವರ್ಷದ ಒಂದು ಹುಡುಗಿ ಬೋಟಿನಿಂದ ಇಳಿದಳು. ಅವಳ ಜಾಕೆಟ್ ಬಿಚ್ಚಿ ನಾನೇ ಹೇಳಿದೆ, "ಹೋಗು ಚಿನ್ನಾ, ಅಂಚಿನಲ್ಲಿ ಕಾಲು ಅದ್ದಿಕೋ, ತಣ್ಣಗಿದೆ." ನಾನೇ ಕಳಿಸಿದ್ದು. ಕಾಲಿಟ್ಟಳು, ಕಿರುಚಿದಳು. ಟ್ಯೂಬ್‌ಲೈಟಿನ ಚೂರು ಅಂಗಾಲಲ್ಲಿ ಅರ್ಧ ಬೆರಳು ಇಳಿದಿತ್ತು. ಆರು ಹೊಲಿಗೆ. ಅವಳ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ.

ಲೆಕ್ಕ ಹಾಕಿದರೆ ಎಲ್ಲವೂ ಗುರುವಾರವೇ. ರಿಪೇರಿಯವನು ಮೂರು ಗುರುವಾರ ಟೈರಿನ ಗುರುತು ನೋಡಿದ್ದಾನಂತೆ, ಮಣ್ಣಿನ ಲಾರಿ ಇರಬೇಕು ಅಂದುಕೊಂಡನಂತೆ. ನಾನು ನೇರ ಸೀಟಿಯಣ್ಣನ ಹತ್ತಿರ ಹೋದೆ. "ನಾನು ಇಲ್ಲದ ದಿನವೇ ಬರುತ್ತದಲ್ಲ, ಯಾರಿಗೆ ಹೇಳಿಕೊಟ್ಟೆ? ಯಾರು ನಿನ್ನ ಬಾಯಿ ಸಿಹಿ ಮಾಡಿದ್ದು?" ಅಂತ ಎಲ್ಲರೆದುರು ಕೇಳಿದೆ. ಅವನು, "ಜಾಕೆಟಕ್ಕಾ, ಸೀಟಿ ಊದೋದು ಬಿಟ್ಟು ಬೇರೆ ಯಾವುದಕ್ಕೂ ನಾನು ಈ ಬಾಯಿ ಬಳಸಿಲ್ಲ" ಅಂದ. ಆ ಹೊತ್ತಿಗೂ ಅವನಿಗೆ ತಮಾಷೆ ಅನ್ನಿಸಿ ನನ್ನ ಮೈ ಉರಿದುಹೋಯಿತು. ಮ್ಯಾನೇಜರ್ ಕಾಗದ ಬರೆದರು, ನಾನು ಸಾಕ್ಷಿ ಅಂತ ಸಹಿ ಹಾಕಿದೆ. ಇವತ್ತು ಬೆಳಿಗ್ಗೆ ಅವನನ್ನು ಕೆಲಸದಿಂದ ತೆಗೆದರು. ಸೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಹೋಗಲಿ. ಇಪ್ಪತ್ತು ವರ್ಷ ಒಟ್ಟಿಗೆ ಚಹಾ ಕುಡಿದವರು ಅಂತ ಸುಮ್ಮನಿರಲಾಗುತ್ತದೆಯೇ?

ಆ ಲಾರಿಯವನಿಗೆ ನಾನು ದೇವರ ಮುಂದೆ ನಿಂತು ಶಾಪ ಹಾಕಿದ್ದೇನೆ. ಯಾವ ಕೈ ಆ ಕಸ ಸುರಿಯಿತೋ ಆ ಕೈ ತನ್ನ ಮಗುವಿನ ಕಾಲಿಗೆ ಬ್ಯಾಂಡೇಜು ಕಟ್ಟುವ ಹಾಗಾಗಲಿ, ಆಗ ಗೊತ್ತಾಗುತ್ತದೆ.

ಇನ್ನೊಂದು ಮಾತು. ಇಲ್ಲಿ ಯಾರನ್ನೂ ನಂಬುವ ಹಾಗಿಲ್ಲ, ಗೋಡೆಗೂ ಕಿವಿ ಬಂದಿದೆ. ಅದಕ್ಕೆ ಗುರುವಾರದ ಉಪವಾಸವನ್ನು ಮಂಗಳವಾರಕ್ಕೆ ಹಾಕಿಕೊಂಡಿದ್ದೇನೆ, ಹದಿನೆಂಟನೇ ತಾರೀಕಿನಿಂದ. ದೇವರ ಅಪ್ಪಣೆ ಕೇಳಿಯೇ ಮಾಡಿದ್ದು. ಗುರುವಾರ ಐದೂವರೆಗೇ ಕೋಲು ಹಿಡಿದು ಹಿಂದಿನ ಗೇಟಿನಲ್ಲಿ ಕೂರುತ್ತೇನೆ, ಬರಲಿ ಆ ಮುಂಡೇಮಗ. ಮಂಗಳವಾರದ ವಿಷಯ ಇಲ್ಲಿ ಒಂದು ನರಪಿಳ್ಳೆಗೂ ಹೇಳಿಲ್ಲ. ಆ ದಿನ ಬೆಳಿಗ್ಗೆ ಮಂಡಿನೋವು ಅಂತ ಫೋನ್ ಮಾಡಿ ಹೇಳಿದರಾಯಿತು. ನಿನಗೊಬ್ಬನಿಗೆ ಬರೆಯುತ್ತಿದ್ದೇನೆ, ಬೇರೆ ಯಾರಿದ್ದಾರೆ ನನಗೆ?

ಪುಟ್ಟಿಯನ್ನು ಕಳಿಸದಿದ್ದದ್ದು ಒಳ್ಳೆಯದೇ ಆಯಿತು. ನೀರೆಂದರೆ ಹೆದರುವುದು ನಿನಗೆ ಚಿಕ್ಕಂದಿನಿಂದ ಬಂದದ್ದು, ಈ ಸಲ ಅದೇ ಅವಳನ್ನು ಉಳಿಸಿತು.

ಅಕ್ಕ


ಮಾರ್ಚ್ ೧೩

ಅಕ್ಕನಿಗೆ,

ಹುಡುಗಿಯ ಕಾಲು ಈಗ ಹೇಗಿದೆ? ತಪ್ಪದೆ ಬರಿ.

ಶಾಪ ವಾಪಸ್ ತಗೋ ಅಕ್ಕಾ. ಉಪವಾಸ ಇದ್ದ ಬಾಯಿಂದ ಬಂದ ಮಾತು ಸುಮ್ಮನೆ ಹೋಗಲ್ಲ ಅಂತ ನೀನೇ ಹೇಳ್ತಿದ್ದೆ. ಡ್ರೈವರ್ ಅಂದರೆ ಏನು? ಎಲ್ಲಿ ಸುರಿ ಅಂತಾರೋ ಅಲ್ಲಿ ಸುರೀತಾನೆ. ಅವನಿಗೂ ಮನೆ, ಮಕ್ಕಳು ಇರ್ತಾವೆ. ತಪ್ಪು ಓನರ್‌ಗಳದ್ದು.

ಕೋಲು ಹಿಡಿದು ಗೇಟಲ್ಲಿ ಕೂರೋದೆಲ್ಲ ಬೇಡ. ಈ ವಯಸ್ಸಲ್ಲಿ ಬಿದ್ದು ಮಂಡಿ ಮುರ್ಕೊಂಡರೆ ಸುಳ್ಳು ಮಂಡಿನೋವು ನಿಜವಾಗುತ್ತೆ.

ವಾಚ್‌ಮನ್ ವಿಷಯ ಕೇಳಿ ಬೇಜಾರಾಯ್ತು. ಅವನನ್ನ ತೆಗೆಯೋ ಅಷ್ಟು ಏನಾಗಿತ್ತು?

ಕೆಲಸ ಜಾಸ್ತಿ. ಹೆಚ್ಚು ಬರೆಯಲಾರೆ.

ತಮ್ಮ


ಮಾರ್ಚ್ ೨೧

ಇಂದು ಯಾವ ವಾರ, ಉಪವಾಸವೋ ಅಲ್ಲವೋ, ಬೆಳಿಗ್ಗೆ ಏನು ಮಾಡಿದೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತೇನೆ, ಒಂದನ್ನೂ ನಿನಗೆ ಹೇಳುವುದಿಲ್ಲ.

ಹದಿಮೂರನೇ ತಾರೀಕು ಗುರುವಾರ ಐದೂವರೆಗೆ ಹೋಗಿ ಗೇಟಿನಲ್ಲಿ ಕೂತೆ. ಒಂದು ಸೈಕಲ್ಲೂ ಬರಲಿಲ್ಲ. ಹದಿನೆಂಟು, ಮಂಗಳವಾರ, ಉಪವಾಸ ಮಾಡಿ ಮನೆಯಲ್ಲಿ ಕೂತೆ. ಏಳೂವರೆಗೆ ಆಫೀಸಿಗೆ ಫೋನ್ ಮಾಡಿ ಮಂಡಿನೋವು ಅಂದೆ. ಹನ್ನೆರಡಕ್ಕೆ ಹೋದರೆ ಹೊಸ ರಾಶಿ, ಇನ್ನೂ ಹಬೆಯಾಡುತ್ತಿತ್ತು. ಹೊಸ ವಾಚ್‌ಮನ್ ಹೇಳಿದ, ನಾನಿಲ್ಲದ್ದಕ್ಕೆ ಅವನೂ ಹಿಂದಿನ ಬೀಗ ಆರಕ್ಕೇ ತೆಗೆದು ಮುಂದಕ್ಕೆ ಹೋದನಂತೆ, ಹಿಂದೆ ಲಾರಿಯ ಸದ್ದು ಕೇಳಿದ್ದು ಆರೂಕಾಲಕ್ಕೆ, ರಿಪೇರಿಯ ಸಾಮಾನಿರಬೇಕು ಅಂದುಕೊಂಡನಂತೆ. ನಾನು ಫೋನ್ ಮಾಡುವುದಕ್ಕೂ ಒಂದು ಗಂಟೆ ಮೊದಲು.

ನಾನು ಅಲ್ಲೇ ಜೊಂಡಿನ ಪಕ್ಕ ಕೂತುಬಿಟ್ಟೆ. ಬೆರಳು ಮಡಿಚಿದೆ. ಮಂಗಳವಾರ ನಾನಿರುವುದಿಲ್ಲ ಅಂತ ಮೊದಲೇ ಗೊತ್ತಿದ್ದದ್ದು ಇಬ್ಬರಿಗೆ. ಒಂದು ದೇವರಿಗೆ, ಇನ್ನೊಂದು ನಿನಗೆ.

ದೇವರ ಹತ್ತಿರ ಲಾರಿ ಇಲ್ಲ.

ಆಮೇಲೆ ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿದೆ. "ಒಂದು ವಾರವೂ ತಪ್ಪಿಸಲ್ವಾ?" ನನ್ನ ಆರೋಗ್ಯದ ಚಿಂತೆ ಅಂದುಕೊಂಡು ಆ ಸಾಲು ಓದಿದ ರಾತ್ರಿ ನನಗೆ ಕಣ್ಣಲ್ಲಿ ನೀರು ಬಂದಿತ್ತು ಕಣೋ! "ಹಿಂದಿನ ದಾರಿಗೆ ಜಲ್ಲಿ ಹಾಕಲ್ವಾ?" ಚಪ್ಪಲಿ ಕಥೆ ಹೇಳಿ ನನ್ನನ್ನು ನಗಿಸಿದೆ, ಟೈರು ಹೂತುಹೋಗುತ್ತದೋ ಇಲ್ಲವೋ ಅಂತ ಕೇಳಿದೆ. "ಆ ನೀರು ಮಕ್ಕಳಿಗೆ ಒಳ್ಳೇದಲ್ಲ." ಕಸ ಬಿದ್ದಿದೆ ಅಂತ ನಮಗೇ ಗೊತ್ತಿಲ್ಲದಾಗ ನಿನಗೆ ಯಾರು ಹೇಳಿದರು? ನಿನ್ನ ಮಗಳಿಗೆ ಒಳ್ಳೆಯದಲ್ಲದ ನೀರು ಬೇರೆಯವರ ಮಗಳಿಗೆ ಆಗಬಹುದು, ಅಲ್ಲವೇ? ಆ ಹುಡುಗಿಯ ಕಾಲು ಹೇಗಿದೆ ಅಂತ ಕೇಳಿದೆ. ಕುಂಟುತ್ತಿದ್ದಾಳೆ. ಬರೆದಿದ್ದೇನೆ, ಓದಿಕೋ.

ಮಣ್ಣು ಹೊಡೆಯುತ್ತೇನೆ ಅಂದೆ. ಹೊಡೆದೆ, ಅಕ್ಕನ ಕಣ್ಣಿಗೇ ಎರಚಿದೆ. ಎರಡು ವರ್ಷದಿಂದ ಬಂದಿಲ್ಲ ಅಂತ ನಿನ್ನನ್ನು ಬೈದಿದ್ದೆ. ವಾರ ವಾರ ಬರುತ್ತಿದ್ದೆ ನೀನು. ನನ್ನ ಬೆನ್ನಿಗೆ ಬಿದ್ದವನು, ಬೆನ್ನ ಹಿಂದಿನಿಂದಲೇ ಬಂದೆ. ನಾನು ಅಲ್ಲಿ ದೀಪ ಹಚ್ಚಿ ನಿನ್ನ ಹೆಸರು, ಪುಟ್ಟಿಯ ಹೆಸರು ಹೇಳಿ ಕೈ ಮುಗಿಯುವ ಹೊತ್ತಿಗೆ ನೀನು ಇಲ್ಲಿ ಲಾರಿಯ ತೊಟ್ಟಿ ಎತ್ತುತ್ತಿದ್ದೆ. ಹದಿಮೂರಕ್ಕೆ "ಶಾಪ ವಾಪಸ್ ತಗೋ" ಅಂತ ಬರೆದ ಕೈ, ಹದಿನೆಂಟಕ್ಕೆ ಮತ್ತೆ ಸುರಿಯಿತು! ಆ ಕೈಗೆ ಏನೂ ಅನ್ನಿಸಲೇ ಇಲ್ಲವೇ?

ಇನ್ನು ನನ್ನ ಪಾಪ. ಎಲ್ಲರೆದುರು ನಾನು ಕೇಳಿದ್ದೆನಲ್ಲ, ನಾನಿಲ್ಲದ ದಿನ ಯಾವುದೆಂದು ಯಾರು ಹೇಳಿಕೊಟ್ಟರು ಅಂತ. ನಾನೇ. ಪ್ರತಿ ಕಾಗದದ ಮೊದಲ ಸಾಲಿನಲ್ಲಿ, ಭಕ್ತಿಯಿಂದ, ತಾರೀಕು ಹಾಕಿ. ಅದಕ್ಕೆ ಕೆಲಸ ಕಳೆದುಕೊಂಡವನು ಸೀಟಿಯಣ್ಣ.

ನಿನಗೆ ಆಶೀರ್ವಾದ ಇಲ್ಲ.


ಮಾರ್ಚ್ ೨೭

ಅಕ್ಕಾ,

ನಾನೇ. ಸುಳ್ಳು ಹೇಳಲ್ಲ ಇನ್ನು.

ಸರ್ಕಾರದ ಕಸದ ಯಾರ್ಡಿನಲ್ಲಿ ಸಾಲು ನಿಂತರೆ ಐದು ಗಂಟೆ. ಓನರ್, "ಹತ್ತಿರ ಎಲ್ಲಾದರೂ ಒಂದು ತಗ್ಗು ನೋಡು, ಆಗಲ್ಲ ಅಂದರೆ ಕೀ ಇಟ್ಟು ಹೋಗು, ಬೇರೆಯವನು ನೋಡ್ತಾನೆ" ಅಂದ. ನಿನ್ನ ಕಾಗದ ಅವತ್ತು ಜೇಬಲ್ಲೇ ಇತ್ತು. ಕೆಟ್ಟದ್ದು ಮಾಡೋಣ ಅಂತ ಮಾಡಲಿಲ್ಲ ಅಕ್ಕಾ. ಆ ತಗ್ಗಿಗೂ ಕೆರೆಗೂ ನಡುವೆ ಏರಿ ಇದೆ, ನೀರಿಗೆ ಸೇರಲ್ಲ ಅಂದ್ಕೊಂಡೆ. ಮೊದಲನೇ ಸಲ ಸುರಿದು ತಿರುಗಿ ನೋಡಿದಾಗ ಗೊತ್ತಾಯ್ತು, ಸೇರುತ್ತೆ ಅಂತ. ಅದಕ್ಕೇ ಪುಟ್ಟಿಯನ್ನು ಕಳಿಸಲಿಲ್ಲ. ಅಷ್ಟು ಗೊತ್ತಿದ್ದೂ ಮತ್ತೆ ಬಂದೆ.

ನೀನಿಲ್ಲದ ದಿನ ಬಂದದ್ದು ಸಿಕ್ಕಿಬೀಳಬಾರದು ಅಂತ ಮಾತ್ರ ಅಲ್ಲ. ನಿನ್ನ ರೂಮಿನ ಕಿಟಕಿ ಅಲ್ಲೇ ಇದೆ. ನೀನು ಕಿಟಕಿಯಲ್ಲಿ ನಿಂತಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ. ಹದಿನೆಂಟಕ್ಕೂ ಬರಬಾರದು ಅಂತಲೇ ಇದ್ದೆ. ಓನರ್ ಪಕ್ಕದಲ್ಲೇ ಕೂತಿದ್ದ ಆವತ್ತು.

ಪುಟ್ಟಿ ನಿನ್ನ ಕಾಗದ ಕೇಳಿದಳು. ಕೊಡಲಿಲ್ಲ. "ಅತ್ತೆ ಏನು ಬರೆದಿದಾಳೆ" ಅಂತ ಮೂರು ದಿನದಿಂದ ಹಿಂದೆ ಹಿಂದೆ ಬರ್ತಿದಾಳೆ.

ಇನ್ನು ಆ ಕಡೆ ತಲೆ ಹಾಕಲ್ಲ, ಆಣೆ. ಒಂದೇ ಒಂದು ಮಾತು ಹೇಳು. ಮ್ಯಾನೇಜರ್‌ಗೆ ನನ್ನ ಹೆಸರು ಹೇಳ್ತೀಯಾ? ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತೆ, ಪೊಲೀಸು ಅಂತ ಆಗುತ್ತೆ. ಒಂದು ಸಾಲು ಬರಿ ಸಾಕು. ದಿನಾ ಪೋಸ್ಟ್‌ಮನ್ ದಾರಿ ಕಾಯ್ತಿದೀನಿ.

ತಮ್ಮ


ಏಪ್ರಿಲ್ ೩, ಗುರುವಾರ

ತಮ್ಮನಿಗೆ,

ಇಂದು ಗುರುವಾರ, ಉಪವಾಸ. ನನ್ನ ವಾರವನ್ನು ನಾನು ವಾಪಸ್ ತೆಗೆದುಕೊಂಡಿದ್ದೇನೆ. ನಿನಗೆ ಹೆದರಿ ದೇವರ ದಿನ ಬದಲಾಯಿಸಿದ್ದೇ ತಪ್ಪು. ನಾಲ್ಕಕ್ಕೆ ಎದ್ದು ಮನೆ ಕೆಲಸ, ದೀಪ ಎಲ್ಲ ಮುಗಿಸಿ ಆರಕ್ಕೆ ಕೆರೆಯಲ್ಲಿದ್ದೆ. ಕೈಗೆ ರಬ್ಬರ್ ಗ್ಲೌಸು ಹಾಕಿ ರಾಶಿಯಿಂದ ಟ್ಯೂಬ್‌ಲೈಟ್ ಚೂರುಗಳನ್ನು ಆರಿಸಿದೆ. ಎರಡು ಬಕೆಟ್ ತುಂಬಿತು. ರಾಶಿ ಹಾಗೇ ಇದೆ. ಮಕ್ಕಳ ಬೋಟು ನಿಲ್ಲಿಸಿದ್ದಾರೆ. ಸಣ್ಣ ಜಾಕೆಟ್ಟುಗಳು ಸಾಲಾಗಿ ಮೊಳೆಯಲ್ಲಿ ನೇತಾಡುತ್ತಿವೆ, ನೋಡಲಾಗುವುದಿಲ್ಲ.

ಭಾನುವಾರ ಸೀಟಿಯಣ್ಣನ ಮನೆಗೆ ಹೋಗಿದ್ದೆ. ಒಂದೇ ಕೋಣೆ. ಹೆಂಡತಿ ಹೊಲಿಗೆ ಮಿಷಿನ್ ಮುಂದೆ, ಅವನು ಅವಳಿಗೆ ಗುಂಡಿ ಆರಿಸಿ ಕೊಡುತ್ತಾ ನೆಲದ ಮೇಲೆ. ಹೊಸ್ತಿಲಲ್ಲೇ ನಿಂತು, "ಅಣ್ಣಾ, ನಿನ್ನದೇನೂ ತಪ್ಪಿಲ್ಲ, ತಪ್ಪು ನನ್ನದು, ನನ್ನ ಮನೆಯವರದು" ಅಂದೆ. ಅವನು ಗುಂಡಿ ಡಬ್ಬಿ ಮುಚ್ಚಿ, "ನಾನು ಮೊದಲೇ ಹೇಳಿದ್ದೆನಲ್ಲ ಜಾಕೆಟಕ್ಕಾ, ಗುರುವಾರ ಗೇಟು ಕಾಯೋದು ನಿನ್ನ ದೇವರು ಅಂತ. ಅವನನ್ನು ಕೆಲಸದಿಂದ ತೆಗೀಬೇಕಿತ್ತು, ನನ್ನನ್ನು ತೆಗೆದಿರಿ" ಅಂದ. ನಾನು ನಗಲೋ ಅಳಲೋ? ಅವನ ಹೆಂಡತಿ ಮಾತ್ರ ತಲೆ ಎತ್ತಲಿಲ್ಲ, ಮಿಷಿನ್ ತುಳಿಯುತ್ತಲೇ ಇದ್ದಳು. ಅವಳದೇ ಸರಿ.

ಸೀಟಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. "ಕೆರೆಯಲ್ಲಿ ಇನ್ನೂ ನಾನೇ ಕಳ್ಳ. ಸುರಿದವನು ಯಾರು ಅಂತ ಕಾಗದದಲ್ಲಿ ಬರಲಿ, ಆಮೇಲೆ ಊದ್ತೀನಿ" ಅಂದ. ಮ್ಯಾನೇಜರನ್ನು ಕೇಳಿದರೆ ಅವರದೂ ಅದೇ ಮಾತು. ನನ್ನ ಸಹಿ ನಾನು ಹಿಂದಕ್ಕೆ ತೆಗೆದುಕೊಂಡರೆ ಸಾಲದಂತೆ, ಆ ಜಾಗಕ್ಕೆ ಇನ್ನೊಂದು ಹೆಸರು ಬೇಕಂತೆ.

ಶಾಪವನ್ನು ಇಂದು ಬೆಳಿಗ್ಗೆ ದೇವರ ಮುಂದೆ ವಾಪಸ್ ತೆಗೆದುಕೊಂಡೆ. ಪುಟ್ಟಿಯ ಕಾಲು ನೆನೆದೆ, ಅದಕ್ಕೆ. ಶಾಪ ಹಿಂತೆಗೆಯಲು ದೇವರು ಸಾಕು. ಸಹಿಗೆ ಸಾಲುವುದಿಲ್ಲ.

ಓನರ್ ಪಕ್ಕದಲ್ಲಿ ಕೂತಿದ್ದ ಅಂದೆ. ಕೂತಿರಲಿ. ನೀನು ಆ ಲಾರಿಯನ್ನು ಎಷ್ಟು ಕಡೆ ತಿರುಗಿಸಿಲ್ಲ, ಒಂದು ಸಲ ನೇರ ಮುಂದಿನ ಗೇಟಿಗೆ ತಿರುಗಿಸಿ "ಅಕ್ಕಾ, ನೋಡು ಇವನನ್ನು" ಅಂತ ಕೂಗಿದ್ದರೆ ಕೋಲು ನಾನು ಹಿಡಿಯುತ್ತಿರಲಿಲ್ಲವೇ? ನಾನು ಕಿಟಕಿಯಲ್ಲಿದ್ದರೆ ಕೈ ಬರುತ್ತಿರಲಿಲ್ಲ ಅಂತೀಯ. ಸೀಟಿಯಣ್ಣನಿಗೂ ಒಂದು ಮುಖ ಇದೆ, ಆ ಹುಡುಗಿಗೂ ಒಂದು ಮುಖ ಇದೆ. ಅಕ್ಕನ ಮುಖಕ್ಕೆ ಮಾತ್ರ ನಾಚುವ ನಾಚಿಕೆ ನನಗೆ ಬೇಡ. ತೆಗೆದುಕೊಂಡು ಹೋಗು.

ನಿನ್ನ ಮೇಲೆ ಉಪವಾಸ ಕೂತು ಹೆದರಿಸುತ್ತೇನೆ ಅಂದುಕೊಳ್ಳಬೇಡ. ನನ್ನ ಉಪವಾಸ ದೇವರಿಗೆ. ನಿನಗೋಸ್ಕರ ಒಂದು ತುತ್ತೂ ಬಿಡುವುದಿಲ್ಲ.

ನಿನ್ನ ಹೆಸರು ಹೇಳುತ್ತೇನೋ ಇಲ್ಲವೋ ಅಂತ ಕೇಳಿದ್ದೀಯ. ಇದು ಅದಕ್ಕೆ ಉತ್ತರವಲ್ಲ. ಉತ್ತರ ಬೇರೆ ಬರೆದಿಟ್ಟಿದ್ದೇನೆ, ಮ್ಯಾನೇಜರಿಗೆ ಕೊಡುವ ಕಾಗದ ಅದು. ಗೇಟಿನ ಗುಟ್ಟು ಬರೆದು ಕಳಿಸಿದವಳು ನಾನು ಅಂತ ಮೊದಲ ಸಾಲಿನಲ್ಲೇ ಇದೆ, ಕೆಳಗೆ ನನ್ನ ಸಹಿ ಇದೆ. ಸುರಿಸಿದ ಓನರ್ ಹೆಸರಿಗೆ ಒಂದು ಜಾಗ, ಸುರಿದ ಡ್ರೈವರ್ ಹೆಸರಿಗೆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ. ಮುಂದಿನ ಗುರುವಾರ, ಹತ್ತನೇ ತಾರೀಕು, ಬೆಳಿಗ್ಗೆ ಆರಕ್ಕೆ ಬಾ. ಲಾರಿ ಖಾಲಿ ತಾ, ಸಲಿಕೆ ತಾ, ಮುಂದಿನ ಗೇಟಿನಿಂದ ಬಾ. ಮೂಟೆ ಮೂಟೆ ಎತ್ತಿ ತುಂಬಿಕೋ, ನಾನೂ ಕೈ ಹಾಕುತ್ತೇನೆ. ಖಾಲಿ ಜಾಗವನ್ನು ನಿನ್ನ ಕೈಯಿಂದಲೇ ತುಂಬು. ಹನ್ನೆರಡರ ತನಕ ಕಾಯುತ್ತೇನೆ. ಆಮೇಲೆ ನನ್ನ ಅಕ್ಷರದಲ್ಲಿ ತುಂಬುತ್ತೇನೆ. ನಿನ್ನ ಹೆಸರು ಬರೆಯುವುದನ್ನು ನಿನಗೆ ಕೈ ಹಿಡಿದು ಕಲಿಸಿದವಳೇ ನಾನು, ತಪ್ಪಿಲ್ಲದೆ ಬರೆಯುತ್ತೇನೆ.

ಆ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಜಾಕೆಟ್ ರೂಮಿನಲ್ಲಿ, ಒಂಬತ್ತನೇ ನಂಬರಿನ ಮೊಳೆಗೆ ಸಿಕ್ಕಿಸಿದ್ದೇನೆ. ನೀನೇ ಬಂದು ತೆಗೆದುಕೋ. ನಿನಗೆ ಮುಖವಿಲ್ಲದಿದ್ದರೆ, ಪುಟ್ಟಿಯನ್ನು ಅವಳ ಅಮ್ಮನ ಜೊತೆ ಮೊದಲ ಬಸ್ಸಿಗೆ ಕಳಿಸು, ಅವಳು ಬಂದು ನನ್ನ ಉತ್ತರ ತೆಗೆದುಕೊಂಡು ಹೋಗಲಿ. ಅವಳಿಗೆ ಈಗ ಓದಲು ಬರುತ್ತದೆ.

ಅಕ್ಕ